ಬಿಸಿ ಹತ್ತದ ಕಾಲು

ಮಾಂತೇಶನ ಹಳೆಯ ಜೀಪಿನ ಸೀಟಿನ ಕೆಳಗಿಟ್ಟ ನೀರಿನ ಬಾಟಲಿ ಇಳಕಲ್ಲಿನಲ್ಲಿ ತಂಪಾಗಿಯೇ ಇರುತ್ತಿತ್ತು. ಗುಡೂರು ದಾಟುವುದರೊಳಗೆ ಆ ನೀರಿನಲ್ಲಿ ಗಡ್ಡ ಹೆರೆದುಕೊಳ್ಳಬಹುದಿತ್ತು. ಇಂಜಿನ್ನಿನ ಹೊಗೆಯನ್ನು ಹೊರಗೊಯ್ಯುವ ದಪ್ಪ ಬೀಡುಕಬ್ಬಿಣದ ಕೊಳವೆ ತೆಗೆಸಿ, ಎಳೆತ ಹೆಚ್ಚುತ್ತದೆಂಬ ಆಸೆಗೆ ಅವನು ಹೆಡರ್ ಎಂಬ ತೆಳು ಉಕ್ಕಿನ ಕೊಳವೆ ಹಾಕಿಸಿದ್ದ. ನಾನು ಹಳೆಯ ಬಿಡಿಭಾಗಗಳ ವ್ಯಾಪಾರಿ, ಕೇಳದವರಿಗೂ ಬುದ್ಧಿ ಹೇಳುವವನು. ನಿಮಗೂ ಹೇಳಿಬಿಡುತ್ತೇನೆ: ಹೆಡರ್ ಕೂರಿಸುವ ದಿನವೇ ಅದಕ್ಕೆ ಶಾಖ ತಡೆಯುವ ಪಟ್ಟಿ ಸುತ್ತಿಸಿ, ವೈರುಗಳನ್ನು ದೂರ ಸರಿಸಿ, ಕೊಳವೆಗೂ ಕಾಲಿಡುವ ಜಾಗಕ್ಕೂ ನಡುವೆ ಗಾಳಿಯಾಡುವಂತೆ ಒಂದು ತಗಡು ಕಟ್ಟಿಸಿ. ಶಾಖವನ್ನು ಬರೀ ಮುಚ್ಚಿದರಾಗದು. ಹೊರಹೋಗಲು ಅದಕ್ಕೊಂದು ದಾರಿ ಬೇಕು.

ಮಹಾಕೂಟಕ್ಕೆ ಹೊರಟ ದಿನ ಅವನಿಗೂ ಇದನ್ನೇ ಹೇಳಿದೆ. "ಲೇ ಮಾಂತ್ಯಾ, ಕಾಲಾಗ ಒಲಿ ಇಟಗೊಂಡು ಕುಂತಂಗ ಆಗೇತಲೋ!"

"ನನಗೇನೂ ಹತ್ತವಲ್ದಪಾ. ನಿನ್ನ ಪಟ್ಟಿ ಮಾರಾಕ ನಾಟಕ ಮಾಡ್ತೀದಿ."

ಹಿಂದೆ ಕುಳಿತಿದ್ದ ಅವನ ಹೆಂಡತಿ ಶಾಂತಕ್ಕ ನಕ್ಕಳು. "ಅಣ್ಣಾರು ಬಿಸಿನೂ ತೂಗಿ ಮಾರೋರ ಬಿಡ್ರಿ."

ಮಾಂತೇಶ ಕೈಮಗ್ಗದ ನೇಕಾರ. ನೆಲದ ಗುಂಡಿಯೊಳಗೆ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗದಲ್ಲಿ ಬರಿಗಾಲಿನಿಂದ ತುಳಿಹಲಗೆ ಒತ್ತಿ ರೂಢಿಯಾದವನಿಗೆ ಚಪ್ಪಲಿ ಮೆಟ್ಟಿದರೆ ಹದ ಸಿಗುತ್ತಿರಲಿಲ್ಲ. ಜೀಪಿನ ಪೆಡಲನ್ನೂ ಬರಿಗಾಲಿನಿಂದಲೇ ತುಳಿಯುತ್ತಿದ್ದ.

ಮಹಾಕೂಟದ ಹೊಂಡದ ಮೆಟ್ಟಿಲ ಮೇಲೆ ಅವನು ಕಾಲು ಚಾಚಿ ಕುಳಿತಾಗ ಶಾಂತಕ್ಕ ಚೀರಿದಳು. "ಏನ್ರಿ ಇದು! ಅಂಗಾಲಾಗ ಎಷ್ಟ ದೊಡ್ಡ ಬೊಬ್ಬಿ ಎದ್ದೇತಿ!"

ಅವನು ಕೇಳಿದ, "ಯಾವ ಕಾಲಿಗೆ?"

ಅವನು ತಮಾಷೆಗೆ ಕೇಳಿರಲಿಲ್ಲ.

ಬಹುಕಾಲದ ಸಕ್ಕರೆ ಕಾಯಿಲೆ ಪಾದದ ಸ್ಪರ್ಶವನ್ನು ತಿಂದುಹಾಕಿದೆ ಎಂದರು ಬಾಗಲಕೋಟೆಯ ಡಾಕ್ಟರು. ಗಾಯ ಆರೀತು, ಸ್ಪರ್ಶ ಮರಳುತ್ತದೆಂದು ಹೇಳಲಾಗದು. ಮಾಂತೇಶ ಕೇಳಿದ್ದು ಒಂದೇ ಮಾತು: "ಮಗ್ಗ ತುಳೀಬಹುದೇನ್ರಿ?" ಅವರು ಚೀಟಿಯಿಂದ ತಲೆಯೆತ್ತದೆ, "ಮೊದಲು ಗಾಯ ಆರಲಿ" ಎಂದರು.

ಜೀವಮಾನವಿಡೀ ಚೌಕಾಸಿ ಮಾಡಿದವನು ನಾನು. ಆದರೂ ನೋವೆಂಬುದು ನಮ್ಮ ಪರವಾಗಿ ದೇಹ ಮಾಡುವ ಚೌಕಾಸಿಯೆಂದು ಹೊಳೆದದ್ದು ಆಗಲೇ. ‘ಇಷ್ಟು ಕೊಡಲಾರೆ, ಕಾಲು ತೆಗೆ’ ಎಂದು ಅದು ಜಗ್ಗಾಡುತ್ತದೆ. ಆ ದನಿ ಅಡಗಿದ ಮೈ, ಕೇಳಿದಷ್ಟು ಕೊಟ್ಟು ಸುಮ್ಮನೆ ಕುಳಿತುಬಿಡುತ್ತದೆ.

ಗಾಯ ಆರುವುದರೊಳಗೆ ಜೀಪಿನ ಕೆಲಸವನ್ನೆಲ್ಲ ನಾನೇ ನಿಂತು ಮಾಡಿಸಿದೆ. ಗಾಯ ಆರಿದ ಮೇಲೆ ಅದನ್ನು ಹೇಳಲೆಂದು ಅವನ ಮನೆಗೆ ಹೋದರೆ, ಮಾಂತೇಶ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕುಳಿತಿದ್ದ. ಶಾಂತಕ್ಕ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕುಣಿಯೊಳಗೆ ಬಗ್ಗಿ ನೋಡುತ್ತಿದ್ದಳು.

"ಎಡಗಾಲು ಜಾರೇತ್ರಿ. ಹಲಗಿ ಮ್ಯಾಲ ಇಲ್ಲ ಅದು."

"ಈಗ?"

"ಇನ್ನೊಂದೀಟು ಒಳಗ."

ಅವನು ಕಾಲು ಸರಿಸಿದ. ಅವಳು ಇನ್ನಷ್ಟು ಬಗ್ಗಿ ನೋಡಿದಳು. ಲಾಳಿ ಹಿಡಿದ ಕೈಯನ್ನು ಮೇಲೆಯೇ ತಡೆದು, ಅವನು ಅವಳ ಮುಖವನ್ನೇ ನೋಡುತ್ತ ಕುಳಿತ.