ಏಳನೇ ತಿಂಗಳ ಗ್ರಹಣ

ನನ್ನ ಕೆಲಸ ಕೋಳಿಮೊಟ್ಟೆಗಳ ಜೊತೆ. ಮೂರು ದಿನ ಕಾವು ಕೊಟ್ಟ ಮೊಟ್ಟೆಯ ಚಿಪ್ಪಿನಲ್ಲಿ ಸಣ್ಣ ಕಿಟಕಿ ಕೊರೆದು, ಒಳಗೆ ಮೂಡುತ್ತಿರುವ ರೆಕ್ಕೆಯ ಮೊಳಕೆಯನ್ನು ಸೂಕ್ಷ್ಮದರ್ಶಕದಡಿ ನೋಡುತ್ತೇನೆ. ರೆಕ್ಕೆಯಾಗಲಿ ಕೈಯಾಗಲಿ, ಬೆರಳು ಎಲ್ಲಿ ಮೂಡಬೇಕು, ಎಷ್ಟು ಮೂಡಬೇಕು ಎಂದು ಹೇಳುವ ಜೀನ್ ಒಂದಿದೆ. ಅದಕ್ಕೆ ಬಲು ದೂರದಲ್ಲೊಂದು ಸ್ವಿಚ್ಚು. ಜೀನ್ ಚೆನ್ನಾಗಿಯೇ ಇದ್ದು, ಸ್ವಿಚ್ಚಿನಲ್ಲಿ ಡಿಎನ್ಎಯ ಒಂದೇ ಒಂದು ಅಕ್ಷರ ಬದಲಾದರೂ ಸಾಕು, ಹೆಬ್ಬೆರಳಿನ ಪಕ್ಕ ಇನ್ನೊಂದು ಬೆರಳು ಮೂಡಬಹುದು.

ನಾನು ಕೊಟ್ಟೂರಿನವಳು. ಹಿರೇಹಡಗಲಿಯ ಒಂದು ಮನೆಯಲ್ಲಿ ಎರಡೂ ಕೈಗೆ ಎರಡೆರಡು ಹೆಬ್ಬೆರಳಿರುವ ಹುಡುಗಿ ಇದ್ದಾಳೆ ಎಂದು ಹಡಗಲಿಯ ನನ್ನ ಚಿಕ್ಕಮ್ಮ ಫೋನಿನಲ್ಲಿ ಹೇಳಿದಾಗ ನನಗೆ ಮೊದಲು ಆದದ್ದು ಸಂತೋಷ. ಮಗುವಿನ ಬಗ್ಗೆ ಮರುಕ ಹುಟ್ಟಿದ್ದು ಆಮೇಲೆ. ಬೇಕಾದ ಅನುಮತಿ ಪತ್ರಗಳನ್ನೆಲ್ಲ ಹಿಡಿದುಕೊಂಡು ಆ ಮನೆಗೆ ಹೋದೆ. ಹುಡುಗಿಗೆ ಆಗ ನಾಲ್ಕು ವರ್ಷ. ಅಪ್ಪ, ಅಮ್ಮ, ಅಜ್ಜ, ಅಜ್ಜಿ ಎಲ್ಲರೂ ರಕ್ತ ಕೊಡಲು ಒಪ್ಪಿದ್ದರು.

ಮಾತಾಡಿದ್ದೆಲ್ಲ ಅಜ್ಜಿಯೇ. "ಗ್ರಹಣದಾಗ ಈಳಿಗಿ ಮುಟ್ಟಬ್ಯಾಡ ಅಂದಿದ್ದೆ. ಕೇಳಲಿಲ್ಲ. ನೋಡ್ರಿ, ಕೂಸಿನ ಕೈ ಹೆಂಗಾಗ್ಯಾವು" ಎಂದರು. ಸೊಸೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಆಗ ನಿಮಗೆ ಎಷ್ಟು ತಿಂಗಳು ಎಂದು ಕೇಳಿದೆ. ಏಳು ನಡೆದಿತ್ತು ಎಂದಳು. ಪುಸ್ತಕದಲ್ಲಿ ಏಳು ಎಂದು ಬರೆದುಕೊಂಡೆ.

ಗರ್ಭದಲ್ಲಿ ಬೆರಳುಗಳು ಮೂಡಿ ಬೇರೆಬೇರೆಯಾಗುವುದು ಎರಡನೇ ತಿಂಗಳ ಸುಮಾರಿಗೆ. ಏಳನೇ ತಿಂಗಳಲ್ಲಿ ಏನೇ ನಡೆದರೂ ಕೈಗೆ ಹೊಸ ಬೆರಳು ಬರುವ ಹಾಗಿಲ್ಲ. ಇದನ್ನು ಹೇಳಲು ರಕ್ತ ಬೇಕಿರಲಿಲ್ಲ, ಯಂತ್ರ ಬೇಕಿರಲಿಲ್ಲ, ಎರಡು ಮಾತು ಸಾಕಿತ್ತು. ಆದರೆ ಅಜ್ಜಿ ಮುನಿಸಿಕೊಂಡು ರಕ್ತ ಕೊಡುವುದಿಲ್ಲ ಎಂದುಬಿಟ್ಟರೆ? ನಾನು ಪೆನ್ನಿನ ಮುಚ್ಚಳ ಹಾಕಿದೆ.

ರಕ್ತ ತೆಗೆಯಲು ಅಜ್ಜನ ತೋಳಿಗೆ ಪಟ್ಟಿ ಕಟ್ಟುವಾಗ ಅವರ ಹೆಬ್ಬೆರಳಿನ ಬುಡದಲ್ಲಿ ಹಳೆಯ ಗಾಯದ ಗುರುತು ಕಂಡಿತು. ಮೆಲ್ಲಗೆ ಕೇಳಿದೆ. ಹುಟ್ಟಿದಾಗ ಅಲ್ಲೊಂದು ಸಣ್ಣ ಬೆರಳಿತ್ತಂತೆ, ದಾರ ಬಿಗಿದು ಉದುರಿಸಿದ್ದರಂತೆ. ಕುಡುಗೋಲು ತಾಗಿದ್ದು ಎಂದು ಹೆಂಡತಿಗೆ ಹೇಳಿದ್ದರು. "ಮನ್ಯಾಗ ಹೇಳಬ್ಯಾಡವ್ವಾ" ಎಂದರು. ತಲೆಯಾಡಿಸಿದೆ. ಆ ಮಾತು ನನಗೂ ಅನುಕೂಲವಾಗಿಯೇ ಇತ್ತು.

ಹೊರಡುವಾಗ ಸೊಸೆ ಗಾಡಿಯ ತನಕ ಬಂದು, ಪರೀಕ್ಷೆಯಲ್ಲಿ ಏನು ಬಂತೆಂದು ತಿಳಿಸುತ್ತೀರಾ ಎಂದು ಕೇಳಿದಳು. ನಾನೇ ಬಂದು ಹೇಳುತ್ತೇನೆ ಎಂದೆ.

ಐದು ತಿಂಗಳಲ್ಲಿ ಉತ್ತರ ಸಿಕ್ಕಿತು. ಬದಲಾದ ಅಕ್ಷರ ಅಜ್ಜನಲ್ಲಿತ್ತು, ಮಗನಲ್ಲಿತ್ತು, ಮೊಮ್ಮಗಳಲ್ಲಿತ್ತು. ಮಗನ ಬೆರಳುಗಳೇನೋ ನೆಟ್ಟಗಿದ್ದವು. ಕೆಲವರಲ್ಲಿ ಅದು ಹೀಗೆ ಸುಮ್ಮನಿದ್ದು ಮುಂದಿನವರಿಗೆ ದಾಟುತ್ತದೆ. ಸೊಸೆಯಲ್ಲಿ ಅದು ಇರಲೇ ಇಲ್ಲ. ಅದೇ ಬದಲಾವಣೆಯ ಸ್ವಿಚ್ಚನ್ನು ಕೋಳಿಭ್ರೂಣದಲ್ಲಿಟ್ಟು ನೋಡಿದೆವು, ಪ್ರಬಂಧ ಬರೆದೆವು. ಪರದೇಶದ ಒಂದು ಸಭೆಯಲ್ಲಿ ಆ ಪುಟ್ಟ ಕೈಗಳ ಚಿತ್ರ ತೋರಿಸಿದಾಗ ಚಪ್ಪಾಳೆ ಬಿತ್ತು. ಹಿರೇಹಡಗಲಿಗೆ ಮಾತ್ರ ಹೋಗಲಿಲ್ಲ. ಅಜ್ಜನಿಗೆ ಮಾತು ಕೊಟ್ಟಿದ್ದೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಮೂರು ವರ್ಷ ಕಳೆದವು.

ಕಳೆದ ಚಳಿಗಾಲದಲ್ಲಿ ಕೊಟ್ಟೂರಿಗೆ ಬಂದವಳು ಕೊನೆಗೂ ಹಡಗಲಿಯ ಬಸ್ಸು ಹತ್ತಿದೆ. ಹಿರೇಹಡಗಲಿಯಲ್ಲಿ ಮೊದಲು ಅಜ್ಜನನ್ನು ಚಹಾದಂಗಡಿಯಲ್ಲಿ ಹುಡುಕಿ, ವಿಷಯವನ್ನು ಮನೆಯಲ್ಲಿ ಹೇಳಲೇ ಎಂದು ಅಪ್ಪಣೆ ಕೇಳಿದೆ. ಅವರು ಚಹಾ ಮುಗಿಸಿ, ಎದ್ದು, ನನಗಿಂತ ಮುಂದೆ ನಡೆದರು. ಮನೆಗೆ ಹೋದವರೇ ಹೆಂಡತಿಯ ಮುಂದೆ ಕೈ ಚಾಚಿದರು.

"ಇದು ಕುಡುಗೋಲು ತಾಗಿದ್ದಲ್ಲ. ನನಗೂ ಬೆರಳಿತ್ತು. ಕೂಸಿಗೆ ನನ್ನ ಕಡಿಯಿಂದ ಬಂದೈತಿ."

ಇಷ್ಟಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಒಮ್ಮೆ ಕೇಳಿದ್ದರೆ ಮೂರು ವರ್ಷದ ಹಿಂದೆಯೇ ಹೇಳಿಬಿಡುತ್ತಿದ್ದರೇನೋ.

ಉಳಿದದ್ದನ್ನು ನಾನು ಹೇಳಿದೆ. ಇದು ಯಾರ ತಪ್ಪೂ ಅಲ್ಲ, ಅಜ್ಜನದೂ ಅಲ್ಲ. ಏಳನೇ ತಿಂಗಳ ಹೊತ್ತಿಗೆ ಮಗುವಿನ ಕೈ ತಯಾರಾಗಿ ಎಷ್ಟೋ ದಿನವಾಗಿತ್ತು. ಅಜ್ಜಿ ನಲ್ಲಿಯಲ್ಲಿ ನೀರು ಬಂದಿದೆಯೆಂದು ಕೊಡ ಎತ್ತಿಕೊಂಡು ಹೊರಗೆ ಹೋದರು. ಸೊಸೆ ನನ್ನ ಎದುರು ಕೂತಳು.

"ಈ ಗ್ರಹಣದ ಮಾತು ಸುಳ್ಳು ಅಂತ ನಿಮಗ ಯಾವಾಗ ಗೊತ್ತಾತ್ರಿ ಅಕ್ಕಾರ?"

ಪರೀಕ್ಷೆಯ ನೆಪ ಹೇಳಬಹುದಿತ್ತು. "ಅವತ್ತೇ ಗೊತ್ತಿತ್ತು" ಎಂದೆ.

ಅವಳು ಸೀರೆಯ ಅಂಚು ನೋಡುತ್ತ ಹೇಳಿದಳು. ಎರಡು ವರ್ಷದ ಹಿಂದೆ, ಗಂಡ ಬೇಡವೆಂದರೂ ಕೇಳದೆ, ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಂಡಿದ್ದಳು. ಇನ್ನೊಂದು ಮಗುವಿನ ಕೈ ತನ್ನಿಂದ ಕೆಡಬಾರದು ಎಂದು.

ಇನ್ನೊಂದು ಮಗುವಿಗೂ ಹೀಗಾಗುವ ಸಂಭವ ಇದ್ದೇ ಇತ್ತು, ಸುಳ್ಳಲ್ಲ, ಅದನ್ನು ಹೇಳಿದೆ. ಹೇಳುವಾಗಲೇ ನನ್ನನ್ನು ನಾನು ಉಳಿಸಿಕೊಳ್ಳುತ್ತಿದ್ದೇನೆ ಅನ್ನಿಸಿತು.

"ಬರ್ಲಿ ಬಿಡ್ರಿ" ಎಂದಳು. "ನನ್ನಿಂದ ಅಲ್ಲ ಅಂತ ಗೊತ್ತಿದ್ರ ಹಡೀತಿದ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಪ್ಪಾಯಿತು ಎಂದೆ. ಅವಳು, ಇದನ್ನೆಲ್ಲ ಕನ್ನಡದಲ್ಲಿ ಬರೆದುಕೊಡಿ, ಮಗಳು ದೊಡ್ಡವಳಾದ ಮೇಲೆ ಓದಿಕೊಳ್ಳಲಿ ಎಂದಳು.

ಆ ಸಂಜೆ ಚಿಕ್ಕಮ್ಮನ ಮನೆಯ ಕಟ್ಟೆಯ ಮೇಲೆ ಕೂತು ಬರೆದೆ. ಪ್ರಬಂಧದ ಕೊನೆಯಲ್ಲಿ ಆ ಮನೆಯವರಿಗೆ ಒಂದು ಸಾಲಿನ ಕೃತಜ್ಞತೆ ಹೇಳಿ ಕೈತೊಳೆದುಕೊಂಡಿದ್ದವಳಿಗೆ, ಒಂದು ಪುಟದ ಕನ್ನಡಕ್ಕೆ ನಾಲ್ಕು ಹಾಳೆ ಹರಿಯಬೇಕಾಯಿತು. ನಿನ್ನ ಅಮ್ಮನಿಂದ ಇದು ಆಗಿಲ್ಲ ಎಂದು ಶುರುಮಾಡಿದೆ. ಇದು ಗೊತ್ತಿದ್ದೂ ನಾನು ಹೇಳಲಿಲ್ಲ ಎಂದೂ ಬರೆದೆ. ಒಮ್ಮೆ ಅದನ್ನು ಹೊಡೆದುಹಾಕಿ ಮತ್ತೆ ಬರೆದೆ.

ಮರುದಿನ ಬೆಳಿಗ್ಗೆ ಹೋಗಿ ಕೊಟ್ಟೆ. ಅವಳು ಹೊಸ್ತಿಲಲ್ಲೇ ನಿಂತು ಪೂರ್ತಿ ಓದಿದಳು. ಹಾಳೆಯನ್ನು ಮಡಚಿ ಒಳಗೆ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬಂದು, ಹತ್ತು ಗಂಟೆಗೆ ಬಸ್ಸೈತಿ ಎಂದಳು. ಒಳಗೆ ಬರ್ರಿ ಎನ್ನಲಿಲ್ಲ. ನಾನೂ ನಿಲ್ಲಲಿಲ್ಲ.