ಒಂದು ಕಿವಿ ಮನೆಗೆ

ಅತ್ತಿಗೆಯ ಬಲಗಿವಿಯಲ್ಲಿ ಯಾವಾಗಲೂ ಒಂದು ಬಿಳಿ ಇಯರ್‌ಫೋನ್ ಇರುತ್ತಿತ್ತು. ಅದರ ಜೋಡಿ ಕುತ್ತಿಗೆಯ ಹಿಂದಿನಿಂದ ಬಳಸಿ ಬಂದು, ಕರಿಮಣಿ ಸರಕ್ಕೆ ತೊಡರಿಕೊಂಡು ಎದೆಯ ಮೇಲೆ ನೇತಾಡುತ್ತಿತ್ತು. ತೆಂಗಿನಕಾಯಿ ತುರಿಯಲು ಕೂತಾಗ ಅದನ್ನು ಸೆರಗಿನೊಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. ವರ್ಷಗಟ್ಟಲೆ ಉಜ್ಜಿ ಬಲಗಿವಿಯ ತೂತಿನ ಅಂಚಿನಲ್ಲಿ ಸಣ್ಣದೊಂದು ಕಪ್ಪು ಕಲೆಯಾಗಿತ್ತು. ಎಡಗಿವಿಯಲ್ಲಿ ಓಲೆ ಬಿಟ್ಟರೆ ಬೇರೇನೂ ಇಲ್ಲ.

"ಒಂದು ಕಿವಿ ನನಗೆ, ಒಂದು ಕಿವಿ ಮನೆಗೆ" ಎನ್ನುತ್ತಿದ್ದರು, ಯಾರಾದರೂ ಕೇಳಿದರೆ.

ಅವರು ನನ್ನ ಅಣ್ಣನ ಹೆಂಡತಿ. ಉಡುಪಿಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಮನೆಯೆಂದರೆ ಒಂದು ಹಾಲ್, ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯಲ್ಲಿ ಅಪ್ಪ. ಪಾರ್ಶ್ವವಾಯು ಹೊಡೆದು ಅವರ ಬಲಭಾಗದ ಜೊತೆಗೆ ಮಾತೂ ಹೋಗಿತ್ತು. ಬಲಗೈಯ ಉಂಗುರವನ್ನು ಎಡಗೈಗೆ ಬದಲಾಯಿಸಿದ್ದೆವು. ಕಬ್ಬಿಣದ ಮಂಚದ ಸರಳಿಗೆ ಅದನ್ನು ಬಡಿದು ಅವರು ಕರೆಯುತ್ತಿದ್ದರು. ನಾನೂ ಅಮ್ಮನೂ ಆ ಮಂಚದ ಪಕ್ಕ ನೆಲದಲ್ಲಿ ಮಲಗುತ್ತಿದ್ದೆವು. ಅಣ್ಣ ಅತ್ತಿಗೆ ಹಾಲಿನಲ್ಲಿ, ಊಟದ ಮೇಜನ್ನು ಮಡಚಿಟ್ಟ ಜಾಗದಲ್ಲಿ. ಒಲೆಯ ಮುಂದೆ ನಿಂತರೆ ಅಪ್ಪನ ಕೋಣೆ ಎಡಕ್ಕೆ. ಹಾಗಾಗಿ ಎಡಗಿವಿ ಮನೆಗೆ. ಅದು ಯಾರೂ ಕೂತು ಮಾಡಿದ ನಿರ್ಧಾರವಲ್ಲ.

ಮದುವೆಗೆ ಮೊದಲು ಅತ್ತಿಗೆ ಊರಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ರೀಚಾರ್ಜ್ ಮಾಡುವುದು, ಗಿರಾಕಿಗಳ ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವುದು. ಎಲ್ಲರೂ ಸಿನಿಮಾ ಹಾಡು, ಭಜನೆ, ಯಕ್ಷಗಾನ ಕೇಳಿದರೆ, ಮಣಿಪಾಲದ ಹಾಸ್ಟೆಲ್ ಹುಡುಗರು ಮಾತ್ರ ತಾವೇ ಪೆನ್‌ಡ್ರೈವ್ ತಂದು "ಇದರಿಂದ ಹಾಕಿ" ಎನ್ನುತ್ತಿದ್ದರಂತೆ. ಹಾಕುವಾಗ ಅತ್ತಿಗೆ ತಮಗೂ ಒಂದು ಪ್ರತಿ ಇಟ್ಟುಕೊಂಡರು. ಗಿಟಾರು, ಡ್ರಮ್ಮು, ತಿಳಿಯದ ಭಾಷೆಯ ಕೂಗು. ಹೆಸರುಗಳ ಗೊಡವೆಗೆ ಅವರು ಹೋಗಲಿಲ್ಲ. ಫೋನಿನಲ್ಲಿ ಕಾಣುವ ಚಿತ್ರ ನೋಡಿಯೋ ಹಾಡು ಕೇಳಿಯೋ ತಾವೇ ನಾಮಕರಣ ಮಾಡಿದ್ದರು: ಗಡ್ಡದವರು, ಕಪ್ಪು ಅಂಗಿಯವರು, ಶಿಳ್ಳೆಯವರು.

"ಆ ಬೊಬ್ಬೆಯಲ್ಲಿ ಎಂತ ಉಂಟು ನಿನಗೆ? ಒಂದು ಅಕ್ಷರ ಅರ್ಥ ಆಗ್ತದಾ?" ಎಂದು ಅಮ್ಮ ಒಮ್ಮೆ ಕೇಳಿದ್ದರು.

"ಭಟ್ರ ಮಂತ್ರವೂ ಅರ್ಥ ಆಗುದಿಲ್ಲ ಅತ್ತೆ. ಕೈ ಮುಗಿದು ಕೂತ್ಕೊಳ್ಳುದಿಲ್ವಾ?"

ಅಮ್ಮ ಮೋರೆ ತಿರುಗಿಸಿಕೊಂಡರು. ನಗು ಬಂದದ್ದು ಕಾಣಬಾರದೆಂದು ಇರಬೇಕು.

ನನಗೂ ಇಯರ್‌ಫೋನ್ ಇತ್ತು. ನಾನು ಎರಡೂ ಕಿವಿಗೆ ಹಾಕಿಕೊಳ್ಳುತ್ತಿದ್ದೆ. ಬಾಗಿಲಿರುವ ಕೋಣೆ ಆ ಮನೆಯಲ್ಲಿ ನನಗೆ ಸಿಕ್ಕಿದ್ದು ಅಷ್ಟೇ. ಅದರೊಳಗೆ ಕೂತು ಎಂ.ಎಸ್ಸಿ. ಓದಿದೆ, ಐರೋಲಿಯ ಕಂಪನಿಯ ಸಂದರ್ಶನಕ್ಕೆ ತಯಾರಿ ನಡೆಸಿದೆ, ಯಾರ ಜೊತೆಗೂ ಮಾತಾಡಬೇಕಿಲ್ಲದ ಸಂಜೆಗಳನ್ನು ಕಳೆದೆ. ಅತ್ತಿಗೆ ಚಹಾ ತಂದರೆ ಕಪ್ಪನ್ನು ಪುಸ್ತಕದ ಪಕ್ಕದಲ್ಲಿಟ್ಟು, ಭುಜ ಮುಟ್ಟಿ ಹೋಗುತ್ತಿದ್ದರು. ಮಾತಾಡಿಸುತ್ತಿರಲಿಲ್ಲ.

ನೌಕರಿ ಸೇರಿದ ಮೇಲೆ ಒಂದು ಚಳಿಗಾಲ ಆಫೀಸಿನ ಲಕ್ಕಿ ಡ್ರಾದಲ್ಲಿ ನನಗೆ ಎರಡು ಪಾಸ್ ಬಂದವು. ನೆರೂಲ್ ಕಡೆಯ ಮೈದಾನದಲ್ಲಿ ದೊಡ್ಡ ಸಂಗೀತೋತ್ಸವ. ಹಲವು ವೇದಿಕೆಗಳು, ದೇಶವಿದೇಶದ ಬ್ಯಾಂಡುಗಳು. ನಮಗೆ ಬಂದದ್ದು ಭಾನುವಾರದ ಪಾಸ್. ಕಾರ್ಯಕ್ರಮ ಪಟ್ಟಿಯನ್ನು ಫೋನಿನಲ್ಲಿ ತೆರೆದು ಅತ್ತಿಗೆಯ ಮುಂದೆ ಹಿಡಿದೆ. ಅವರು ಕೈಯ ಹಿಟ್ಟು ಒರೆಸಿಕೊಳ್ಳದೆ ಬಗ್ಗಿ ನೋಡಿದರು. ಗಡ್ಡದವರೂ ಇದ್ದರು, ಕಪ್ಪು ಅಂಗಿಯವರೂ ಇದ್ದರು.

"ಮಾವನನ್ನು ಯಾರು ಎತ್ತುದು?" ಎಂಬುದು ಮೊದಲ ಪ್ರಶ್ನೆ.

ವಾಶಿಯ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದ ಅಣ್ಣನಿಗೆ ಭಾನುವಾರ ರಜೆಯೆಂಬುದೇ ಇರಲಿಲ್ಲ. "ಅರೆ, ಸಂಡೇಗೆ ಎಷ್ಟು ರಶ್ ಇರ್ತದೆ ಗೊತ್ತುಂಟಾ?" ಎಂದ. ಅತ್ತಿಗೆ ಅವನಿಗೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೇ ಬಿಟ್ಟು ನಿಂತರು. ಕೊನೆಗೆ ಅವನೇ ಒಪ್ಪಿದ: ಮಧ್ಯಾಹ್ನದ ಹೊತ್ತು ಮನೆಯಲ್ಲಿರುತ್ತಾನೆ, ಆದರೆ ರಾತ್ರಿಯ ಗಿರಾಕಿಗಳ ಹೊತ್ತಿಗೆ ವಾಶಿಗೆ ಹೊರಡಬೇಕು. "ದೀಪ ಹಚ್ಚುವುದರೊಳಗೆ ಬನ್ನಿ" ಎಂದರು ಅಮ್ಮ. "ಬೊಬ್ಬೆ ಕೇಳ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ? ಡೊಂಬಿವಲಿ ಸ್ಟೇಷನ್ನಿನಲ್ಲಿ ಪುಕ್ಕಟೆ ಸಿಗ್ತದೆ."

ಹೋಗಿ ಬರುವ ರೈಲಿನ ಹೊತ್ತು ಕಳೆದರೆ ಒಂದು ಬ್ಯಾಂಡನ್ನು ಪೂರ್ತಿ ಕೇಳಲು ಮಾತ್ರ ಸಮಯವಿತ್ತು. ಅದೂ ಗಡ್ಡದವರು ದೊಡ್ಡ ವೇದಿಕೆಯಲ್ಲಿ, ಕಪ್ಪು ಅಂಗಿಯವರು ಸಣ್ಣ ವೇದಿಕೆಯಲ್ಲಿ, ಇಬ್ಬರೂ ಒಂದೇ ಹೊತ್ತಿಗೆ. ನನಗೆ ಇದರಲ್ಲಿ ಯೋಚಿಸಲು ಏನೂ ಇದೆಯೆನಿಸಲಿಲ್ಲ. ಗಡ್ಡದವರ ಹಾಡನ್ನು ಅತ್ತಿಗೆ ದೋಸೆ ಹೊಯ್ಯುವಾಗ, ಅಪ್ಪನ ಬೆನ್ನಿಗೆ ಪೌಡರ್ ಹಾಕುವಾಗ ಗುನುಗುತ್ತಿದ್ದರು. ಅಪ್ಪನಿಗೂ ಅದು ಪರಿಚಯವಾಗಿ ಹೋಗಿತ್ತು.

ಅತ್ತಿಗೆ ವಾರವಿಡೀ ಯೋಚಿಸಿದರು. ಬಟ್ಟೆ ಒಣಹಾಕುವಾಗ ನಡುವೆ ನಿಂತು ಗ್ರಿಲ್‌ನಾಚೆ ನೋಡುತ್ತಿದ್ದರು. ಶನಿವಾರ ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಹೇಳಿದರು: "ಕಪ್ಪು ಅಂಗಿಯವರಿಗೆ ಹೋಗುವ."

"ಅತ್ತಿಗೆ, ನಿಮಗೆ ಇಷ್ಟ ಗಡ್ಡದವರಲ್ವಾ?"

"ಅವರದ್ದು ಬಾಯಿಪಾಠ ಆಗಿದೆ ಮಾರಾಯ್ತಿ. ಇವರದ್ದು ಒಂದು ಹಾಡಿನ ನಡುವೆ ಎಲ್ಲರೂ ಸುಮ್ಮನಾಗ್ತಾರೆ. ಡ್ರಮ್ಮಿನವ ಮಾತ್ರ ಮೆಲ್ಲ ತಾಳ ಹಿಡಿದು ಯಾರನ್ನೋ ಕಾಯ್ತಾ ಇರ್ತಾನೆ. ಯಾಕೆ ಸುಮ್ಮನಾಗ್ತಾರೆ ಅಂತ ನೋಡ್ಬೇಕು ನನಗೆ."

ನಾನು ಆ ಹಾಡನ್ನು ಎಷ್ಟೋ ಸಲ ಕೇಳಿದ್ದೆ. ಅದರಲ್ಲಿ ಯಾರೂ ಸುಮ್ಮನಾಗುವುದು ನನ್ನ ಗಮನಕ್ಕೆ ಬಂದಿರಲಿಲ್ಲ.

ಭಾನುವಾರ ಅಪ್ಪನಿಗೆ ಊಟ ಮಾಡಿಸಿ, ಮಗ್ಗುಲು ತಿರುಗಿಸಿ, ಔಷಧಿಗಳನ್ನು ಅಣ್ಣನಿಗೆ ಎರಡೆರಡು ಸಲ ತೋರಿಸಿ ಹೊರಟೆವು. ಠಾಣೆಯಲ್ಲಿ ಇಳಿದು ರೈಲು ಬದಲಾಯಿಸಿದೆವು. ಐರೋಲಿ ಬಂದಾಗ ನನ್ನ ಆಫೀಸಿನ ಗಾಜಿನ ಕಟ್ಟಡ ತೋರಿಸಿದೆ. "ಕಿಟಕಿ ತೆಗೀಲಿಕ್ಕೆ ಆಗ್ತದಾ ಅದರಲ್ಲಿ?" ಎಂದು ಕೇಳಿದರು. ಇಲ್ಲವೆಂದೆ. "ಹಾಗಾದ್ರೆ ನಿನ್ನದೂ ನನ್ನ ಹಾಗೇ" ಎಂದು ಹೇಳಿ ಹೊರಗೆ ನೋಡುತ್ತಾ ಕೂತರು. ಇಯರ್‌ಫೋನ್ ಅಂದು ಹಾಕಿಕೊಂಡಿರಲಿಲ್ಲ. ಆ ಬಲಗಿವಿ ಬರಿದಾಗಿ ಕಂಡದ್ದು ನನಗೆ ಅದೇ ಮೊದಲು.

ಗೇಟಿನಲ್ಲಿ ಚೀಲ ತಪಾಸಣೆ ಮಾಡುವ ಹೆಂಗಸಿಗೆ ಅವಲಕ್ಕಿ ಡಬ್ಬಿ ಸಿಕ್ಕಿತು. ತಿಂಡಿಯನ್ನು ಒಳಗೆ ಒಯ್ಯುವಂತಿಲ್ಲ. "ಖಾನಾ ಅಲೌಡ್ ನಹೀ ಹೈ, ಮ್ಯಾಡಮ್." ಅತ್ತಿಗೆ ಡಬ್ಬಿ ತೆರೆದು ಅವಳ ಮುಂದೆ ಹಿಡಿದರು: "ತೋ ಆಪ್ ಖಾ ಲೋ. ಸುಬಹ್ ಸೇ ಖಡೀ ಹೋ." ಬೆಳಗ್ಗಿನಿಂದ ನಿಂತೇ ಇದ್ದ ಅವಳು ನಕ್ಕು ಡಬ್ಬಿ ತೆಗೆದಿಟ್ಟುಕೊಂಡಳು, ಹೋಗುವಾಗ ತೊಳೆದು ಕೊಡುವುದಾಗಿ ಹೇಳಿದಳು.

ಒಳಗೆ ದೊಡ್ಡ ವೇದಿಕೆಯಲ್ಲಿ ಗಡ್ಡದವರು ಆಗಲೇ ಶುರು ಮಾಡಿದ್ದರು. ಅತ್ತಿಗೆ ಗುನುಗುತ್ತಿದ್ದ ಹಾಡೇ. ಆಚೆ ತಿರುಗಿಯೂ ನೋಡದೆ ಸಣ್ಣ ವೇದಿಕೆಯ ಕಡೆಗೆ ನಡೆದರು. ಅಲ್ಲಿ ನನ್ನ ವಯಸ್ಸಿನವರು, ನನಗಿಂತ ಸಣ್ಣವರು. ಸೀರೆಯುಟ್ಟವರು ಇವರೊಬ್ಬರೇ. "ಆಂಟಿ, ಆಗೇ ಜಾವೋ" ಎಂದು ಯಾರೋ ದಾರಿ ಬಿಟ್ಟರು. ಅತ್ತಿಗೆ ಮುಂದೆ ಹೋಗಲಿಲ್ಲ. ಗೇಟು ಕಾಣುವ ಹಾಗೆ ಅಂಚಿನಲ್ಲಿ ನಿಂತರು. ಫೋನನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಸದ್ದಿನಲ್ಲಿ ಕೇಳಿಸದಿದ್ದರೂ ನಡುಗಿದರೆ ತಿಳಿಯಬೇಕು.

ಆ ಹಾಡು ಬಂತು. ನಡುವಿನ ಜಾಗ ಬಂತು. ಹಾಡುವವನು ಮೈಕಿನಿಂದ ಹಿಂದೆ ಸರಿದ, ಡ್ರಮ್ಮಿನವನು ತಾಳ ಇಳಿಸಿದ. ಆಗ ವೇದಿಕೆಯ ಒಂದು ಮೂಲೆಯಲ್ಲಿ ಅಷ್ಟು ಹೊತ್ತೂ ತಲೆ ತಗ್ಗಿಸಿ ನಿಂತಿದ್ದ ಸಪೂರದ ಹುಡುಗಿಯೊಬ್ಬಳು ಪಿಟೀಲು ಎತ್ತಿ ನುಡಿಸತೊಡಗಿದಳು. ಅವಳೊಬ್ಬಳೇ.

ಅತ್ತಿಗೆ ನನ್ನ ಮಣಿಕಟ್ಟು ಹಿಡಿದರು. "ಇವಳು ಎಲ್ಲಿದ್ದಳು?"

ನನಗೆ ಆಗ ಹೊಳೆಯಿತು. ಆ ಪಿಟೀಲನ್ನು ಧ್ವನಿಮುದ್ರಣದಲ್ಲಿ ಎಡಗಡೆಗೆ ಮಾತ್ರ ಇಟ್ಟಿದ್ದರು. ಅದು ಕೇಳುವುದು ಎಡಗಿವಿಯ ಇಯರ್‌ಫೋನಿನಲ್ಲಿ. ಎರಡೂ ಹಾಕಿಕೊಳ್ಳುವ ನನಗೆ ಅದು ಯಾವಾಗಲೂ ಕೇಳಿಸಿತ್ತು. ಅತ್ತಿಗೆಯ ಎಡಗಿವಿ ಮನೆಯದು. ಇಷ್ಟು ವರ್ಷ ಆ ಹುಡುಗಿ ಅವರ ಎದೆಯ ಮೇಲೆ, ಕರಿಮಣಿಯ ಪಕ್ಕದಲ್ಲಿ, ಯಾರಿಗೂ ಕೇಳಿಸದೆ ನುಡಿಸುತ್ತಿದ್ದಳು.

ಅದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಮುಷ್ಟಿಯಲ್ಲಿ ಫೋನ್ ನಡುಗಿತು. ನಾನೇ ಕಿತ್ತುಕೊಂಡು, "ನಾನು ನೋಡ್ತೇನೆ, ನೀವು ಕೇಳಿ" ಎಂದು ಶೌಚಾಲಯಗಳ ಹಿಂದಕ್ಕೆ ಓಡಿದೆ. ಅಣ್ಣ. "ಅಪ್ಪ ಬಡೀತಾನೇ ಇದ್ದಾರೆ. ನೀರು ಕೊಟ್ಟೆ, ಬೇಡ. ಮಗ್ಗುಲು ತಿರುಗಿಸಿದೆ, ಅದೂ ಅಲ್ಲ. ಅಮ್ಮನಿಗೂ ಗೊತ್ತಾಗ್ತಾ ಇಲ್ಲ. ಅಳ್ತಾ ಇದ್ದಾರೆ ಈಗ. ಅವಳಿಗೆ ಕೊಡು."

"ಮಂಚದ ಹತ್ತಿರ ಹಿಡಿ" ಎಂದೆ. ಟಣ್, ಟಟಣ್, ಟಣ್. ಆ ಸದ್ದಿನ ಪಕ್ಕದಲ್ಲಿ ವರ್ಷಗಟ್ಟಲೆ ಮಲಗಿದ ಮಗಳು ನಾನು, ಗಮನವಿಟ್ಟು ಕೇಳಿದೆ. ನನಗೆ ಅದು ಕಬ್ಬಿಣದ ಸದ್ದು, ಅಷ್ಟೇ.

ತಿರುಗಿ ನೋಡಿದರೆ ಅತ್ತಿಗೆ ನನ್ನ ಹಿಂದೆಯೇ ನಿಂತಿದ್ದರು. ಫೋನ್ ತೆಗೆದುಕೊಂಡು ಎಡಗಿವಿಗೆ ಒತ್ತಿ, ಪಿಟೀಲು ಇನ್ನೂ ಕೇಳಿಸುತ್ತಿದ್ದ ಬಲಗಿವಿಯನ್ನು ಅಂಗೈಯಿಂದ ಮುಚ್ಚಿದರು. "ಪರದೆ ಎಳೀರಿ" ಎಂದರು. "ಈ ಹೊತ್ತಿಗೆ ಬಿಸಿಲು ಅವರ ಕಣ್ಣಿಗೆ ಬೀಳ್ತದೆ. ಅದೇ ಹೇಳುದು ಅವರು." ಸ್ವಲ್ಪ ತಡೆದು, "ನಿಂತಿತಾ? ಹಾಂ. ಬರ್ತೇವೆ."

ವೇದಿಕೆಯ ಕಡೆಯಿಂದ ಚಪ್ಪಾಳೆ ಕೇಳಿಸಿತು.

"ಇನ್ನೂ ಹೊತ್ತಿದೆ ಅತ್ತಿಗೆ. ಬೇರೆ ಹಾಡುಗಳಿವೆ."

"ನೋಡಿಯಾಯ್ತಲ್ಲ" ಎಂದರು. "ಮಾವನಿಗೆ ಪಾಪ, ಗಾಬರಿಯಾಗಿರ್ತದೆ. ಹೋಗುವ."

ಗೇಟಿನ ಹೆಂಗಸು ಡಬ್ಬಿ ತೊಳೆದು ಕೊಟ್ಟಳು. ರೈಲಿನಲ್ಲಿ ಅತ್ತಿಗೆ ಬಾಗಿಲ ಪಕ್ಕ ನಿಂತು ಹೇಳಿದರು: "ನಾನು ಅಂದ್ಕೊಂಡದ್ದು ಅವರು ಯಾರನ್ನೋ ಕಾಯ್ತಾರೆ ಅಂತ. ಕಾಯ್ತಾ ಇರ್ಲಿಲ್ಲ ನೋಡು. ಅವಳು ಅಲ್ಲೇ ಇದ್ದಳು." ಎಡಗಡೆ ಬಲಗಡೆಯ ವಿಷಯ ನಾನು ವಿವರಿಸಲಿಲ್ಲ. ಅವರಿಗೂ ತಿಳಿದಿತ್ತೆಂದು ಈಗ ಅನಿಸುತ್ತದೆ. ತಿಳಿದೂ ಮರುದಿನ ಒಲೆಯ ಮುಂದೆ ಬಲಗಿವಿಗೇ ಹಾಕಿಕೊಂಡರು.

ನಾನು ಎರಡು ಕಿವಿ ಮುಚ್ಚಿ ಓದಿದ್ದು, ನೌಕರಿ ಹಿಡಿದದ್ದು, ಆ ಮನೆಯೊಳಗೇ ಇದ್ದು ಇಲ್ಲದಂತಿದ್ದದ್ದು, ಎಲ್ಲ ಸಾಧ್ಯವಾದದ್ದು ಒಬ್ಬರು ಒಂದು ಕಿವಿ ತೆರೆದಿಟ್ಟಿದ್ದರಿಂದ. ಅಪ್ಪನ ಭಾಷೆ ಕಲಿಸಿಕೊಡಿ ಎಂದು ಆ ವಾರವೇ ಕೇಳಿದೆ. ನನ್ನ ಮುಖ ನೋಡಿ ನಕ್ಕರು. "ಅದು ಕಲಿಸ್ಲಿಕ್ಕೆ ಬರುದಿಲ್ಲ ಮಾರಾಯ್ತಿ. ಕಿವಿಯದ್ದು ತೆಗೆದು ಅಲ್ಲಿ ಕೂತ್ಕೊ, ಸಾಕು."

ಕೂತೆ. ನೀರಿನದು, ಹೊದಿಕೆಯದು, ಬಿಸಿಲಿನದು, ನಿಧಾನವಾಗಿ ಬಿಡಿಬಿಡಿಯಾಗಿ ಕೇಳತೊಡಗಿತು. ಪೂರ್ತಿ ಕಲಿಯುವ ಮೊದಲೇ ಅಪ್ಪ ತೀರಿಕೊಂಡರು.

ಈಗ ನಾನು ಐರೋಲಿಯಲ್ಲಿ ಬಾಡಿಗೆಗಿದ್ದೇನೆ. ನನ್ನ ಕೋಣೆಗೆ ನಿಜವಾದ ಬಾಗಿಲಿದೆ. ಅಮ್ಮನಿಗೆ ಮೊಣಕಾಲು ಹಿಡಿದಿದೆ, ಮಂಚ ಈಗ ಅವರದು. ಪ್ರತಿ ಭಾನುವಾರ ಡೊಂಬಿವಲಿಗೆ ಹೋಗುತ್ತೇನೆ. ಊಟವಾದ ಮೇಲೆ ಅಮ್ಮನನ್ನು ಹಾಲಿಗೆ ಕರೆತಂದು ಕೂರಿಸಿ, ಅತ್ತಿಗೆಯನ್ನು ಕೋಣೆಗೆ ಕಳಿಸುತ್ತೇನೆ. ಎರಡೂ ಕಿವಿಗೆ ಹಾಕಿಕೊಂಡರೇ ಎಂದು ನೋಡಿ ಬಾಗಿಲು ಎಳೆದು ಬರುತ್ತೇನೆ. ನನ್ನ ಕಿವಿಯಲ್ಲಿ ಏನೂ ಇರುವುದಿಲ್ಲ.

ಹೋದ ವಾರವೂ ಹಾಗೇ. ಹಾಲಿನಲ್ಲಿ ಅಮ್ಮ ಕೂತಲ್ಲೇ ತೂಕಡಿಸುತ್ತಿದ್ದರು, ಫ್ಯಾನು ತಿರುಗುತ್ತಿತ್ತು, ಬೇರೆ ಸದ್ದಿರಲಿಲ್ಲ. ಸ್ವಲ್ಪ ಹೊತ್ತಿಗೆ ಕೋಣೆಯ ಬಾಗಿಲು ತೆರೆಯಿತು. ಅತ್ತಿಗೆ ಎಡಗಿವಿಯದನ್ನು ಕೈಯಲ್ಲಿ ಹಿಡಿದು ನಿಂತಿದ್ದರು.

"ಕರೆದದ್ದಾ?"

"ಇಲ್ಲ ಅತ್ತಿಗೆ. ಯಾರೂ ಕರೀಲಿಲ್ಲ."

ಖಾಲಿ ಮಂಚದ ಕಡೆ ಒಮ್ಮೆ ತಿರುಗಿ ನೋಡಿ, ಅವರು ಬಾಗಿಲು ಹಾಕಿಕೊಂಡರು.