ಪಾಲು ಬೇಡವೆಂದ ಹುಡುಗ

ಮೊನ್ನೆ ಹೊಸನಗರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನನ್ನ ಸ್ಕೂಟಿಯ ಹಳೆಯ ಬ್ರೇಕ್ ವೈರನ್ನು ಎಳೆದು ನೆಲಕ್ಕೆ ಹಾಕಿದ. ಅದು ತಾನಾಗಿಯೇ ಸುರುಳಿ ಸುತ್ತಿಕೊಂಡಿತು. ಗ್ರೀಸಿನ ವಾಸನೆ ಬಂದದ್ದೇ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಪಕ್ಕದ ಮನೆಯ ಹುಡುಗ ನೆನಪಾದ...

ಅವನು ಆಗ ಪಿಯುಸಿ. ಇಂಗ್ಲಿಷ್ ಹೇಳಿಸಿಕೊಳ್ಳಲು ನಮ್ಮ ಮನೆಗೆ ಬರುತ್ತಿದ್ದ. ನಾನು ಪಾಠ ಮಾಡುತ್ತಿದ್ದ ಕಾನ್ವೆಂಟಿನ ಸಿಸ್ಟರ್‌ಗಳು ಮೆಚ್ಚುವಂಥ ಹುಡುಗ: ಚಪ್ಪಲಿ ಜೋಡಿಸಿಟ್ಟು ಒಳಗೆ ಬರುವವನು, ಕುಡಿದ ಲೋಟ ತಾನೇ ತೊಳೆದಿಡುವವನು. ತಂದೆಯಿಲ್ಲದ ಮನೆ. ತಾಯಿ ಅಂಗನವಾಡಿ ಟೀಚರ್.

ಭಾನುವಾರ ಮಾತ್ರ ಅವನು ನಮ್ಮ ಕೇರಿಯ ಶಿಕಾರಿ ಅಜ್ಜನ ಹಿಂದೆ ಹೋಗುತ್ತಿದ್ದ. ಅಜ್ಜ ಬ್ರೇಕ್ ವೈರಿನ ಉರುಳು ಒಡ್ಡಿ ಕದ್ದು ಕಾಡುಹಂದಿ ಹಿಡಿಯುವವನು. ಶಿಕಾರಿಗೆ ಜೊತೆ ಹೋದವರಿಗೆಲ್ಲ ನಮ್ಮ ಕಡೆ ಒಂದು ಪಾಲು ಮಾಂಸ ಉಂಟು. ಸುಮ್ಮನೆ ಕತ್ತಿ ಹೊತ್ತವನಿಗೂ ಉಂಟು. ಹುಡುಗ ಪಾಲು ಮುಟ್ಟುತ್ತಿರಲಿಲ್ಲ.

"ನಿಮ್ಮ ಮಗನ್ನ ಇನ್ನು ಕರ್ಕಂಡು ಹೋಗಲ್ಲ ಟೀಚರಮ್ಮ," ಎಂದ ಅಜ್ಜ ಒಂದು ದಿನ, ಬೇಲಿಯಾಚೆ ನಿಂತು. "ಹಂದಿ ಒದ್ದಾಡ್ತಿದ್ರೆ ಹೊಡೆಯಕ್ಕೆ ಬಿಡಲ್ಲ, ಇನ್ನೊಂಚೂರು ಇರಿ ಅಂತಾನೆ. ಪಾಲೂ ಬೇಡ ಅಂತಾನೆ. ತಿನ್ನದೇ ಇರೋನು ಎಂತಕ್ಕೆ ಬರ್ತಾನೆ ಮಾರಾಯ್ರೆ?"

"ನಿಮ್ಮಂಗೆ ನಾಲಿಗೆ ಚಪಲ ಇಲ್ಲ ಅಜ್ಜಾ ನನ್ನ ಮಗಂಗೆ," ಎಂದು ಆಕೆ ನಕ್ಕಳು. "ಕರುಳು ಮೆತ್ತಗೆ ಅವಂದು. ಕೊಲ್ಲಬೇಡಿ ಅಂತಿರ್ಬೇಕು."

ಪಾಲು ಬೇಡವೆಂದದ್ದು ಆಕೆಗೆ ಹೆಮ್ಮೆ. ಮನೆಮನೆಗೂ ಹೇಳಿಕೊಂಡು ಬಂದಳು.

ಆ ವಾರವೇ ನಮ್ಮ ನಾಯಿ ಕಾಣೆಯಾಯಿತು. ಮಧ್ಯಾಹ್ನ ಹಿತ್ತಿಲಾಚೆಯ ಅಕೇಶಿಯಾ ತೋಪಿನಿಂದ ಗೊರಗೊರ ಸದ್ದು. ಓಡಿಹೋಗಿ ನೋಡಿದರೆ ಉರುಳು ಅದರ ಕತ್ತಿನ ಮಾಂಸದೊಳಗೆ ಹೂತುಹೋಗಿತ್ತು. ಬಾಯಲ್ಲಿ ರಕ್ತದ ನೊರೆ. ಹುಡುಗ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದ, ಪಾಠ ಕೇಳುವಾಗ ಕೂರುವ ಹಾಗೆಯೇ.

"ಶ್... ಬನ್ನಿ ಆಂಟಿ. ಈಗ ಕಣ್ಣು ಬದಲಾಗುತ್ತೆ, ನೋಡಿ."

ನಾಯಿ ನನ್ನ ತೊಡೆಯ ಮೇಲೆ ಸತ್ತಿತು. ರಕ್ತದ ಸೀರೆಯಲ್ಲೇ ಅವನ ಮನೆಗೆ ಹೋಗಿ ತಾಯಿಗೆ ಎಲ್ಲ ಹೇಳಿದೆ. ಹಿಂದೆಯೇ ಅವನೂ ಬಂದ. ನಾಯಿಯ ಕತ್ತಿನಿಂದ ಬಿಡಿಸಿದ ವೈರು ಕೈಯಲ್ಲೇ ಇತ್ತು.

"ಹೌದೇನೋ?" ಎಂದಳು.

"ಹೌದು."

ಆಕೆ ಕೆನ್ನೆಗೆ ಬಾರಿಸಿದಳು. ಅವನಿಗೆ ಸಿಟ್ಟೇ ಬರಲಿಲ್ಲ. ಅದೇ ನನ್ನನ್ನು ಇವತ್ತಿಗೂ ಹೆದರಿಸುವುದು... ತಾಯಿಯನ್ನು ಗೋಡೆಗೆ ಒತ್ತಿ, ಕುತ್ತಿಗೆಗೆ ವೈರು ಸುತ್ತಿ ಎಳೆದ. ಮುಖಕ್ಕೆ ಮುಖ ತಂದು ಆಕೆಯ ಕಣ್ಣನ್ನೇ ನೋಡುತ್ತಿದ್ದ. ನಾನು ಕೂಗಿದೆ, ಅಂಗಿ ಹಿಡಿದು ಜಗ್ಗಿದೆ, ತೋಳು ಕಚ್ಚಿದೆ. ಆಕೆಯ ಕಾಲು ಸೋತು ಪ್ರಜ್ಞೆ ತಪ್ಪಿದರೂ ಅವನು ಬಿಡಲಿಲ್ಲ. ಮೂಲೆಯಲ್ಲಿದ್ದ ಕತ್ತಿ ಎತ್ತಿ ಅದರ ಬೆನ್ನಿನಿಂದ ಅವನ ಮಣಿಕಟ್ಟಿಗೆ ಹೊಡೆದೆ. ಮೂಳೆ ಮುರಿದದ್ದು ಕೇಳಿಸಿತು. ಇನ್ನೊಂದು ಹೊಡೆದ ಮೇಲೆಯೇ ಅವನು ಬಿಟ್ಟದ್ದು.

ಪೊಲೀಸರು ಬಂದರು, ಆಮೇಲೆ ಶಿವಮೊಗ್ಗದಲ್ಲಿ ಮನೋರೋಗದ ಚಿಕಿತ್ಸೆ... ಅಲ್ಲಿಯೇ ಯಾವುದೋ ಜ್ವರ ಬಂದು ತೀರಿಕೊಂಡ. ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ.

ಆಕೆ ಈಗಲೂ ಸಂಜೆ ನಮ್ಮ ಜಗಲಿಗೆ ಬಂದು ಕೂರುತ್ತಾಳೆ. ಸ್ವರ ಒಡೆದು ಪಿಸುಮಾತಷ್ಟೇ ಉಳಿದಿದೆ. ನಿನ್ನೆಯೂ ಅದನ್ನೇ ಕೇಳಿದಳು.

"ಅವ್ನೇ ಕೈ ಬಿಟ್ಟಿದ್ದ ಅಲ್ದಾ ಅಕ್ಕಾ? ಬಿಟ್ಟ ಮೇಲೂ ಯಾಕೆ ಹೊಡೆದ್ರಿ ನನ್ನ ಮಗಂಗೆ?"

"ಗಾಬರಿ ಆಗಿತ್ತು ಕಣೇ," ಎಂದೆ. "ಗೊತ್ತಾಗ್ಲಿಲ್ಲ."

"ಹೋಗ್ಲಿ ಬಿಡಿ," ಎಂದು ಆಕೆ ನನ್ನ ಕೈ ಸವರಿದಳು. ಎಂದಿನಂತೆ ನನ್ನನ್ನು ಕ್ಷಮಿಸಿ, ಸೆರಗು ಕತ್ತಿಗೆ ಸುತ್ತಿಕೊಂಡು, ಒಬ್ಬಳೇ ಮನೆಗೆ ನಡೆದಳು.